ಸೀಟಿ ಊದದ ಗುರುವಾರಗಳು

ಫೆಬ್ರವರಿ 3, ಸೋಮವಾರ. ಮಧ್ಯಾಹ್ನ 12.40

ಊಟಕ್ಕೆ ಮುಂಚೆ ಹತ್ತು ನಿಮಿಷ, ದಿನದ ಆತ್ಮಪರೀಕ್ಷೆ. ಅಡುಗೆಮನೆಯ ಮೇಜು ಒರೆಸಿದ್ದೆ, ಒಣಗಿರಲಿಲ್ಲ. ನೋಟ್‌ಬುಕ್ಕಿನ ಮೂಲೆ ನೆನೆಯಿತು.

ಕೃತಜ್ಞತೆ — ಮೊಣಕಾಲು ಇವತ್ತು ಮೆಟ್ಟಿಲ ಮೇಲೆ ಗೊಣಗಲಿಲ್ಲ. ತಂಗಿ ಗೊಣಗಿದಳು, ಅದು ಲೆಕ್ಕಕ್ಕಿಲ್ಲ.

ಬೆಳಗಿನಿಂದ ನಡೆದದ್ದು — ಆರು ಹಾಸಿಗೆಯ ಮನೆಗೆ ಹೋಗಿ ಕಿಟಕಿಗಳ ಚಿಲಕ ಒಂದೊಂದಾಗಿ ಎಳೆದು ನೋಡಿದೆ. ಎರಡು ಸಡಿಲ. ಬಡಗಿಗೆ ಫೋನ್.

ತಪ್ಪು — ಚಿಲಕ ಹೇಗೆ ಹಾಕಬೇಕೆಂದು ಬಡಗಿಗೇ ಆರು ನಿಮಿಷ ಪಾಠ. "ಮೇಡಂ, ನೀವೇ ಬಂದು ಹಾಕ್ಬಿಡಿ" ಎಂದ.

ನಾಳೆಗೆ — ಬಾಯಿಗೆ ಬೀಗ.

ಹುಟ್ಟುಗುಣ ಸುಟ್ಟರೂ ಹೋಗದು. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಕಂಟ್ರೋಲರ್. ಯಾವ ಬಸ್ಸು ಯಾವ ಊರಿಗೆ, ಎಷ್ಟು ಹೊತ್ತಿಗೆ, ಯಾವ ಗೇಟಿನಿಂದ — ನಾನು ಸೀಟಿ ಊದಿದರೆ ಹೊರಟಿತು, ಇಲ್ಲದಿದ್ದರೆ ನಿಂತಿತು. ಡ್ರೈವರ್‌ಗಳು ಸೀಟಿ ಮೇಡಂ ಎನ್ನುತ್ತಿದ್ದರು. ಬೆನ್ನ ಹಿಂದೆ ಏನೆನ್ನುತ್ತಿದ್ದರೋ ದೇವರಿಗೇ ಗೊತ್ತು. ಇಂಥವಳನ್ನು ದೊಡ್ಡ ಫಾದರ್ ಹುಡುಕಿ ಹುಡುಕಿ ಜೊತೆಗಾರ್ತಿಯ ತರಬೇತಿಗೆ ಸೇರಿಸಿದರು. ಸಂತ ಇಗ್ನೇಷಿಯಸ್ — ನಮ್ಮಜ್ಜಿಯ ಬಾಯಲ್ಲಿ ಇನ್ನಾಸಪ್ಪ — ಐನೂರು ವರ್ಷದ ಹಿಂದೆ ಹಾಕಿಕೊಟ್ಟ ಕ್ರಮ. ಮೂವತ್ತು ವಾರ, ನಾಲ್ಕು ಹಂತಗಳಲ್ಲಿ, ಒಬ್ಬರು ದಿನಾ ಪ್ರಾರ್ಥನೆ ಮಾಡುತ್ತಾರೆ, ವಾರಕ್ಕೊಮ್ಮೆ ಬಂದು ಮನಸ್ಸಿನಲ್ಲಿ ಏನಾಯಿತೆಂದು ಹೇಳುತ್ತಾರೆ, ನಾನು ಕೇಳುತ್ತೇನೆ. ಅಷ್ಟೇ ಕೆಲಸ. ದಾರಿ ತೋರಿಸುವುದು ದೇವರ ಇಲಾಖೆ. ಜೊತೆಗಾರ್ತಿ ತಕ್ಕಡಿಯ ಮುಳ್ಳಿನ ಹಾಗೆ ನೆಟ್ಟಗೆ ನಡುವೆ ನಿಲ್ಲಬೇಕಂತೆ.

ತಂಗಿಗೆ ಇದನ್ನು ಮೊದಲ ಸಲ ಹೇಳಿದಾಗ ಹೊಲಿಗೆ ಯಂತ್ರ ನಿಲ್ಲಿಸಿ ನಕ್ಕಿದ್ದಳು. ನಗು ನಿಲ್ಲದೆ ಐದು ನಿಮಿಷ ಸೂಜಿಗೆ ದಾರ ಪೋಣಿಸಲಾಗಲಿಲ್ಲ ಅವಳಿಗೆ.


ಫೆಬ್ರವರಿ 6, ಗುರುವಾರ. ಸಂಜೆ 6.20

ಚರ್ಚಿನ ಆಫೀಸಿನ ಹಿಂದಿನ ಕೋಣೆ. ಎರಡು ಕುರ್ಚಿ, ಎದುರುಬದುರಲ್ಲ, ಸ್ವಲ್ಪ ಓರೆ. ಗೋಡೆ ಗಡಿಯಾರ ಐದು ನಿಮಿಷ ಮುಂದೆ. ಸರಿಮಾಡಬೇಕೆಂದು ಹದಿನೇಳು ವಾರದಿಂದ ಕೈ ತುರಿಸುತ್ತಿದೆ, ಮಾಡಿಲ್ಲ. ಇದೂ ಸಾಧನೆಯೇ.

ಗುರುವಾರ ಗುರುವಾರ ನನ್ನ ಬಳಿ ಬರುವ ನರ್ಸಮ್ಮ ಡ್ಯೂಟಿ ಮುಗಿಸಿ ನೇರ ಬಂದಳು. ಮೂವತ್ತನಾಲ್ಕು ವಯಸ್ಸು, ಹೆರಿಗೆ ವಾರ್ಡಿನಲ್ಲಿ ಎಂಟು ವರ್ಷ. ನಿನ್ನೆ ಅಡ್ಡ ತಿರುಗಿದ್ದ ಮಗುವಿನ ಹೆರಿಗೆಯಂತೆ. ಹೇಳುವಾಗ ಕೈಗಳೆರಡೂ ಗಾಳಿಯಲ್ಲಿ, ಮಗು ಇನ್ನೂ ಅವಳ ಕೈಯಲ್ಲೇ ಇದ್ದಂತೆ. ಮಗು ಅತ್ತಾಗ ತಾನೂ ಅತ್ತಳಂತೆ. ಬೆಳಿಗ್ಗೆ ಪ್ರಾರ್ಥನೆಗೆ ಕೂತಾಗ ಆ ಸಂತೋಷ ಹಾಗೇ ಇತ್ತಂತೆ, ಬೆಚ್ಚಗೆ.

ಆಮೇಲೆ ತಾನಾಗಿಯೇ ಆ ಮಾತೆತ್ತಿದಳು. ಆರು ಹಾಸಿಗೆಯ ಮನೆಗೆ ಕೆಲಸಕ್ಕೆ ಬಂದುಬಿಡಲೇ, ಹೆರಿಗೆ ವಾರ್ಡಿನಲ್ಲೇ ಇರಲೇ. ಎರಡೂ ಒಳ್ಳೆಯದೇ ಆಂಟಿ, ಅದಕ್ಕೇ ಕಷ್ಟ ಎಂದಳು.

ನಾನು ಕೇಳಿದೆ. ಬಾಯಿ ಬಿಡಲಿಲ್ಲ. ಆದರೆ ಕುರ್ಚಿಯ ಕೈ ಹಿಡಿದ ಬೆರಳು ಬೆಳ್ಳಗಾಗಿತ್ತು. ಯಾಕೆಂದರೆ ಆ ಮನೆ ನನ್ನದು. ಅಂದರೆ ಕಮಿಟಿಯದು, ಕಾನ್ವೆಂಟಿನ ಹಳೆಯ ಹಾಸ್ಟೆಲ್. ಆದರೂ ನನ್ನದು. ಇನ್ನು ವಾಸಿಯಾಗದವರು ನೆಮ್ಮದಿಯಾಗಿ ಕೊನೆಯ ದಿನ ಕಳೆಯಲೊಂದು ಜಾಗ. ನಮ್ಮ ಯಜಮಾನರು — ಇವರು — ಸತ್ತದ್ದು ಆಸ್ಪತ್ರೆಯ ಕಾರಿಡಾರಿನಲ್ಲಿ, ಸ್ಟ್ರೆಚರ್ ಮೇಲೆ, ಮಧ್ಯಾಹ್ನ ಮೂರಕ್ಕೆ, ಜನ ಓಡಾಡುವ ದಾರಿಯಲ್ಲಿ. ಔಷಧಿ ಚೀಟಿ ಹಿಡಿದು ಕ್ಯೂನಲ್ಲಿ ನಿಂತಿದ್ದೆ ನಾನು. ವಾಪಸು ಬಂದಾಗ ಯಾರೋ ಒಬ್ಬರು ಇವರ ಕಾಲ ಮೇಲೆ ತಮ್ಮ ಚೀಲ ಇಟ್ಟಿದ್ದರು. ಹನ್ನೊಂದು ವರ್ಷವಾಯಿತು. ಆ ಚೀಲ ಇನ್ನೂ ಕಣ್ಣ ಮುಂದಿದೆ.


ಫೆಬ್ರವರಿ 10, ಸೋಮವಾರ. ಸಂಜೆ 7

ಕಮಿಟಿ ಮೀಟಿಂಗ್. ಅಧ್ಯಕ್ಷರು ಡಾಕ್ಟರ್, ರಿಟೈರ್ಡ್ ಸರ್ಜನ್, ಮಾತೂ ಕತ್ತರಿಸಿದಂತೆ. ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಷನ್ ಮಾರ್ಚ್ 31ಕ್ಕೆ. ಅಷ್ಟರೊಳಗೆ ಪೂರ್ತಿ ಹೊತ್ತಿನ, ನೋಂದಾಯಿತ ನರ್ಸ್ ಒಬ್ಬರ ಹೆಸರು, ಸಹಿ, ಸರ್ಟಿಫಿಕೇಟು ಫಾರ್ಮಿನಲ್ಲಿ ಇರಬೇಕು. ಇಲ್ಲವೆಂದರೆ ಪರ್ಮಿಷನ್ ರದ್ದು, ಕಟ್ಟಡ ಕಾನ್ವೆಂಟಿಗೆ ವಾಪಸು. ಅವರು ಅಲ್ಲಿ ಮುರಿದ ಬೆಂಚುಗಳನ್ನು ತುಂಬುತ್ತಾರೆ.

ಡಾಕ್ಟರ್ ನನ್ನತ್ತ ತಿರುಗಿ, ನಿಮ್ಮ ಹುಡುಗಿ ಯಾವಾಗ ಹೂಂ ಅಂತಾಳೆ ಎಂದು ಕೇಳಿದರು. ಅವಳು ಯಾರ ಹುಡುಗಿಯೂ ಅಲ್ಲ, ಇನ್ನೂ ಪ್ರಾರ್ಥಿಸುತ್ತಿದ್ದಾಳೆ ಎಂದು ಹೇಳಬೇಕಿತ್ತು. "ಹೂಂ ಅಂತಾಳೆ ಬಿಡಿ" ಎಂದೆ.


ಫೆಬ್ರವರಿ 13, ಗುರುವಾರ. ಸಂಜೆ 6.30

ಈ ವಾರ ಧ್ಯಾನಕ್ಕೆ ಕೊಡಬೇಕಾಗಿದ್ದ ಬೈಬಲ್ ಭಾಗ ಸರೋವರದ್ದು. ಯೇಸು ದಡದಲ್ಲಿ ನಿಂತು ಬೆಸ್ತರನ್ನು ಕರೆಯುವುದು. ಅದನ್ನು ಕೊಡಲಿಲ್ಲ. ತೋಟದ ಭಾಗ ಕೊಟ್ಟೆ — ಸಾಯುವ ಮುನ್ನ ಯೇಸು ಒಬ್ಬನೇ ನರಳುವಾಗ, ಜೊತೆಗಿರಿ ಎಂದು ಕೇಳಿಕೊಂಡರೂ ಶಿಷ್ಯರು ನಿದ್ದೆ ಹೋದದ್ದು. ಒಂದು ವಾರ ದಿನಾ ಇದನ್ನೇ ಧ್ಯಾನಿಸು ಎಂದೆ.

ಯಾಕೋ ಹಾಗೆ ಪ್ರೇರಣೆಯಾಯಿತು.

ಅವಳು ಕೊಂಚ ಹುಬ್ಬೇರಿಸಿದಳು. ಇಷ್ಟು ಬೇಗನಾ ಆಂಟಿ, ಅದು ಮುಂದಿನ ಹಂತದ್ದಲ್ವಾ ಎಂದಳು. ಜಾಣೆ. ನೋಡು, ಕೂತು ನೋಡು ಎಂದೆ. ಬರೆದುಕೊಂಡಳು.

ತಪ್ಪು — ಇವತ್ತು ಏನೂ ತೋಚುತ್ತಿಲ್ಲ. ತಂಗಿಯ ಚಾ ಸಪ್ಪೆ ಎಂದೆ, ಅದಿರಬಹುದು.


ಫೆಬ್ರವರಿ 20, ಗುರುವಾರ. ಸಂಜೆ 6.45

ಹೂಂ ಎಂದಳು! ಆರು ಹಾಸಿಗೆಯ ಮನೆಗೆ ಬರುತ್ತಾಳೆ!

ಡಾಕ್ಟರಿಗೆ ಚರ್ಚಿನ ಗೇಟಿನಲ್ಲೇ ಫೋನ್ ಮಾಡಿದೆ. ಅವರೂ ಆ ಕಡೆಯಿಂದ "ಶಾಭಾಸ್" ಎಂದರು, ಅವರ ಬಾಯಿಂದ ಆ ಮಾತು ಯಾರೂ ಕೇಳಿದ್ದಿಲ್ಲ. ಮನೆಗೆ ಬರುವ ದಾರಿಯಲ್ಲಿ ಹೆಜ್ಜೆ ನೆಲದ ಮೇಲಿರಲಿಲ್ಲ. ಇವರ ಫೋಟೋ ಮುಂದೆ ನಿಂತು ಹೇಳಿದೆ. ಇನ್ನು ಯಾರ ಕಾಲ ಮೇಲೂ ಯಾರೂ ಚೀಲ ಇಡುವುದಿಲ್ಲ ಎಂದೆ. ಅಳು ಬಂತು. ಒಳ್ಳೆಯ ಅಳು.

ಅವಳ ಮುಖ ಸ್ವಲ್ಪ ಬಾಡಿತ್ತು. ಪ್ರಾರ್ಥನೆ ಒಣಗಿದೆ, ನಿದ್ದೆಯಿಲ್ಲ, ಸಾಯುವವರನ್ನು ಬಿಟ್ಟು ಮಲಗಿದವರಲ್ಲಿ ನಾನೂ ಒಬ್ಬಳು ಅನ್ನಿಸ್ತಾ ಇದೆ, ಬರದೇ ಹೋದ್ರೆ ದೇವರಿಗೆ ಮೋಸ ಮಾಡಿದ ಹಾಗೆ ಎಂದಳು. ದೊಡ್ಡ ತೀರ್ಮಾನ, ಭಾರ ಇದ್ದೇ ಇರುತ್ತದೆ. ಡಬಲ್ ಡ್ಯೂಟಿ ಬೇರೆ.


ಫೆಬ್ರವರಿ 22, ಶನಿವಾರ. ಮಧ್ಯಾಹ್ನ 12.50

ದಿನದ ನಾಲ್ಕು ಸಾಲು ಬರೆಯಲು ಕೂತರೆ ಬರುತ್ತಿಲ್ಲ.

ತಂಗಿ ಆರು ಹಾಸಿಗೆಗೂ ಹೊದಿಕೆ ಹೊಲಿಯುತ್ತಿದ್ದಾಳೆ, ನೀಲಿ ಅಂಚು. ಮೂರನೆಯದರ ಅಂಚು ಸೊಟ್ಟ ಎಂದೆ. ಅದರ ಹಿಂದೆಯೇ ಬ್ರೆಡ್ಡು ಒಣಗಿದೆ ಎಂದೆ, ಪಕ್ಕದ ಮನೆಯವರ ಟಿವಿ ಜೋರಾಯಿತು ಎಂದೆ. ಅವಳು ಕನ್ನಡಕದ ಮೇಲಿಂದ ನೋಡಿದಳು.

"ಅಕ್ಕಾ, ಗೆದ್ದು ಬಂದೆ ಅಂತೀಯ. ಗೆದ್ದೋರ ಮುಖ ಹೀಗಿರುತ್ತಾ?"

ನಿನಗೇನು ಗೊತ್ತು ಎಂದೆ. ಗೊತ್ತು ಅವಳಿಗೆ. ಅರವತ್ತು ವರ್ಷದಿಂದ ಈ ಮುಖ ನೋಡುತ್ತಿದ್ದಾಳೆ.


ಫೆಬ್ರವರಿ 25, ಮಂಗಳವಾರ. ಮಧ್ಯಾಹ್ನ 1.15

ದೊಡ್ಡ ಫಾದರ್ ಬಳಿ ತಿಂಗಳ ಭೇಟಿ. ಎಂಬತ್ತೆರಡು ವರ್ಷ, ಎರಡೂ ಕಿವಿಗೆ ಮೆಷಿನ್. ನಾನು ಬೇರೆಯವರಿಗೆ ಜೊತೆಗಾರ್ತಿ, ಅವರು ನನಗೆ ಜೊತೆಗಾರ. ಹಣ್ಣು ತುಂಬಿದ ಮರ ನೋಡಿದಂತೆ ನೋಡುತ್ತಾರೆ ನನ್ನನ್ನು, ಅದೇ ಕಷ್ಟ.

ಗೆದ್ದ ಕಥೆ ಪೂರ್ತಿ ಹೇಳಿದೆ. ಭಾಗದ ವಿಷಯ ಬಿಟ್ಟು. ಅವರು ಬಿಡುವವರಲ್ಲ.

"ಯಾವ ಭಾಗ ಕೊಟ್ಟೆ?"

"ತೋಟದ್ದು."

ಕಿವಿಯ ಮೆಷಿನ್ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಇನ್ನೊಂದು ಸಲ ಹೇಳು ಎಂದರು. ಹೇಳಿದೆ. ಎರಡನೇ ಹಂತದಲ್ಲಿರುವವಳಿಗೆ ಮೂರನೇ ಹಂತದ್ದು ಯಾಕೆ ಎಂದರು. ಪ್ರೇರಣೆ ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಸೆರಗು ಸರಿಮಾಡಿಕೊಂಡೆ.

ಬೈಯಲಿಲ್ಲ. ಬೈದಿದ್ದರೆ ತಿರುಗಿ ಕೊಡುತ್ತಿದ್ದೆ.

"ತುಂಬ ಖುಷಿಯಾಯ್ತು ಅಂದ್ಯಲ್ಲ. ಅದರ ಬಾಲ ನೋಡಿದ್ಯಾ?"

ಸಂತ ಇಗ್ನೇಷಿಯಸ್ ಕಲಿಸಿದ ಪಾಠ ಅದು, ತರಬೇತಿಯಲ್ಲಿ ಎರಡು ವಾರ ಓದಿದ್ದೇನೆ. ಕೆಟ್ಟದ್ದು ಕೆಟ್ಟ ವೇಷದಲ್ಲಿ ಬರುವುದಿಲ್ಲ, ಬೆಳಕಿನ ವೇಷದಲ್ಲೇ ಬರುತ್ತದೆ. ತಲೆ ಚೆನ್ನಾಗಿಯೇ ಇರುತ್ತದೆ. ಬಾಲ ನೋಡಿದರೆ ಗೊತ್ತಾಗುತ್ತದೆ ಯಾರೆಂದು. ಒಳ್ಳೆಯ ಮನೆ, ಒಳ್ಳೆಯ ಕೆಲಸ, ಒಳ್ಳೆಯ ಭಾಗ. ಬಾಲ? ಅವಳಿಗೆ ನಿದ್ದೆಯಿಲ್ಲ, ಪ್ರಾರ್ಥನೆಯಿಲ್ಲ. ನಾನು ತಂಗಿಯ ಮೇಲೆ ಹರಿಹಾಯುತ್ತಿದ್ದೇನೆ. ಮನಸ್ಸು ಬರಡಾದ ಹೊತ್ತಿನಲ್ಲಿ ಯಾವ ತೀರ್ಮಾನವೂ ಬೇಡ ಎಂಬುದು ಮೊದಲ ಪಾಠ. ಅದನ್ನು ಅವಳಿಗೆ ಹೇಳಿಕೊಡಬೇಕಾದವಳು ನಾನು. ಬರಡು ಮಾಡಿದವಳೂ ನಾನೇ, ಬರಡಿನಲ್ಲಿ ಕಿತ್ತ ಹೂಂ ಎತ್ತಿಕೊಂಡು ಫೋನ್ ಮಾಡಿದವಳೂ ನಾನೇ. ಬೇಲಿಯೇ ಎದ್ದು ಹೊಲ ಮೇಯ್ದಿತು.

ಏನು ಮಾಡಲಿ ಫಾದರ್ ಎಂದೆ. ಅವರು ನಕ್ಕರು. "ಅದನ್ನೂ ನಾನೇ ಹೇಳ್ಬೇಕಾ?"

ಹೇಳಲಿಲ್ಲ, ಮುದುಕ. ಬಾಗಿಲವರೆಗೆ ಬಂದು ಕೈಯೆತ್ತಿ ಆಶೀರ್ವಾದ ಮಾಡಿದರು, ಅಷ್ಟೇ.


ಫೆಬ್ರವರಿ 26, ಬುಧವಾರ. ಸಂಜೆ 5.30

ಹೋಗಿ ಬಂದೆ. ಆಸ್ಪತ್ರೆಗೆ.

ನಾಳೆಯವರೆಗೆ ಕಾಯಲಾಗಲಿಲ್ಲ. ಹೆರಿಗೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತೆ. ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಎರಡು ಸಲ ಬಂದು ಎಬ್ಬಿಸಿದರು. ಬಿಳಿ ಕೂದಲು, ಬೆನ್ನು ಸಲಾಕೆ. ಇಡೀ ಆಸ್ಪತ್ರೆ ಅವರನ್ನು ಮೇಜರ್ ಎನ್ನುತ್ತದೆ. ವಿಸಿಟಿಂಗ್ ಅವರ್ಸ್ ನಾಲ್ಕಕ್ಕೆ ಎಂದರು. ನಾನು ವಿಸಿಟರ್ ಅಲ್ಲ ಎಂದೆ. ಹಾಗಾದ್ರೆ ಪೇಷಂಟಾ ಎಂದು ನನ್ನ ಹೊಟ್ಟೆಯನ್ನೂ ನರೆಗೂದಲನ್ನೂ ನೋಡಿದರು. ಅರವತ್ತೊಂದಕ್ಕೆ ಹೆರಿಗೆ ಬೆಂಚಿನಿಂದ ಓಡಿಸಿಕೊಂಡವಳು ನಾನೊಬ್ಬಳೇ ಇರಬೇಕು.

ನಾಲ್ಕಕ್ಕೆ ಅವಳು ಬಂದಳು. ಕಣ್ಣಿನ ಕೆಳಗೆ ಕಪ್ಪು. ಮೆಟ್ಟಿಲ ತಿರುವಿನಲ್ಲಿ ನಿಂತು ಹೇಳಿದೆ, ಒಂದೇ ಉಸಿರಿಗೆ. ಆ ಭಾಗ ನಾನು ಬೇಕೆಂದೇ ಕೊಟ್ಟದ್ದು. ನೀನು ನಮ್ಮ ಮನೆಗೆ ಬರಲಿ ಎಂದು ಕೊಟ್ಟದ್ದು. ದೇವರ ಹೆಸರಿನಲ್ಲಿ ನನ್ನ ಆಸೆ ನಿನ್ನ ತಲೆಗೆ ತುಂಬಿದೆ. ಆ ಹೂಂ ನಿನ್ನದಲ್ಲ, ವಾಪಸು ತಗೋ.

ಅವಳು ಮೆಟ್ಟಿಲ ಕಂಬಿ ಹಿಡಿದುಕೊಂಡಳು.

"ನಾನು ದೇವರ ಹತ್ರ ಮಾತಾಡ್ತಿದೀನಿ ಅನ್ಕೊಂಡಿದ್ದೆ ಆಂಟಿ. ನಡುವೆ ನೀವು ಕೂತಿದ್ರಿ."

ವಾಪಸು ವಾರ್ಡಿನೊಳಗೆ ಹೋದಳು. ಬಾಗಿಲಲ್ಲಿ ಮೇಜರ್ ಅವಳ ಮುಖ ನೋಡಿ, ಆಮೇಲೆ ನನ್ನನ್ನು ನೋಡಿದರು. ನಾನು ಇಳಿದು ಬಂದೆ.

ಕೃತಜ್ಞತೆ — ಹೇಳಿದೆ. ಇವತ್ತಿಗೆ ಅಷ್ಟೇ.


ಮಾರ್ಚ್ 8, ಶನಿವಾರ. ಮಧ್ಯಾಹ್ನ 12.30

ಎರಡು ಗುರುವಾರ ಬರಲಿಲ್ಲ. ಐದಕ್ಕೆ ಹೋಗಿ ಕೂತೆ, ಆರಕ್ಕೆ ಎದ್ದೆ. ಖಾಲಿ ಕುರ್ಚಿಗೆ ಜೊತೆಗಾರ್ತಿ. ಫೋನ್ ಮಾಡಲಿಲ್ಲ. ಮಾಡಬಾರದು.

ಕಮಿಟಿಗೂ ಹೇಳಿದೆ. ಮೊನ್ನೆ ಮೀಟಿಂಗ್. ಹೂಂ ಎಂದದ್ದು ಲೆಕ್ಕಕ್ಕಿಲ್ಲ, ತಪ್ಪು ನನ್ನದು, ಅವಳದಲ್ಲ ಎಂದೆ. ಡಾಕ್ಟರ್ ಪೆನ್ನು ಮುಚ್ಚಿದರು. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದಿರಿ, ಒಂದು ಪ್ರಾರ್ಥನೆ ಹಿಂದೆಮುಂದಾದರೆ ಏನಾಗುತ್ತದೆ, ಸಾಯೋ ಜನ ಕಾಯ್ತಾರಾ ಎಂದರು. ಅವರ ಮಾತಿನಲ್ಲಿ ತಪ್ಪೇನಿದೆ? ಅವರಿಗೂ ಆ ಕಾರಿಡಾರ್ ಗೊತ್ತು, ನಲವತ್ತು ವರ್ಷ ಅಲ್ಲೇ ನಡೆದವರು. ಆದರೆ ಮನಸ್ಸಿಲ್ಲದವಳನ್ನು ಎಳೆದು ತಂದು ಆರು ಜನರ ಪಕ್ಕ ಕೂರಿಸಿದರೆ, ಅವಳೂ ಒಂದು ದಿನ ಯಾರದೋ ಕಾಲ ಮೇಲೆ ಚೀಲ ಇಡುತ್ತಾಳೆ.

ತಂಗಿ ನಾಲ್ಕನೇ ಹೊದಿಕೆ ಮುಗಿಸಿದಳು. ನಿಲ್ಲಿಸು, ಮನೆಯೇ ಇಲ್ಲದ ಮೇಲೆ ಹೊದಿಕೆ ಯಾಕೆ ಎಂದೆ. ಐದನೆಯದಕ್ಕೆ ಬಟ್ಟೆ ಕತ್ತರಿಸಿದಳು.


ಮಾರ್ಚ್ 13, ಗುರುವಾರ. ಸಂಜೆ 6.10

ಬಂದಳು.

ಬಾಗಿಲಲ್ಲೇ ನಿಂತು ಷರತ್ತು ಹೇಳಿದಳು. ಬೇರೆ ಜೊತೆಗಾರ್ತಿ ಕೇಳ್ಬೇಕು ಅಂತ ಫಾದರ್ ಹತ್ರ ಹೋಗಿದ್ದೆ, ಆಮೇಲೆ ಅನ್ನಿಸ್ತು, ತಪ್ಪನ್ನ ಮೆಟ್ಟಿಲ ಮೇಲೆ ನಿಂತು ಹೇಳಿದೋರು ನೀವೊಬ್ರೇ, ಇನ್ನೊಬ್ರು ಹೇಳ್ತಾರೋ ಇಲ್ವೋ ಎಂದಳು. ಆದರೆ ನೀವು ಆ ಮನೆ ಹೆಸರೆತ್ತಬಾರದು. ಮುಖದಲ್ಲೂ ಎತ್ತಬಾರದು.

ಮುಖಕ್ಕೆ ಗ್ಯಾರಂಟಿ ಕೊಡಲಾರೆ, ಬೇಕಿದ್ದರೆ ಗೋಡೆ ನೋಡಿಕೊಂಡು ಕೂರುತ್ತೇನೆ ಎಂದೆ. ನಗಬಾರದೆಂದು ತುಟಿ ಕಚ್ಚಿಕೊಂಡಳು. ನಿಜವಾಗಿಯೂ ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿದೆ. ಮುಕ್ಕಾಲು ಗಂಟೆ ಸುಣ್ಣದ ಬಿರುಕು ನೋಡಿಕೊಂಡು ಕೇಳಿದೆ. ಎಂಥ ಆಶ್ಚರ್ಯ — ಮುಖ ನೋಡದೆ ಕೇಳಿದರೆ ಮಾತು ಹೆಚ್ಚು ಕೇಳಿಸುತ್ತದೆ.

ಸರೋವರದ ಭಾಗ ಕೊಟ್ಟೆ. ಅದರ ಸರದಿ ಅದು. ನನ್ನದೇನೂ ಸೇರಿಸಲಿಲ್ಲ.


ಮಾರ್ಚ್ 18, ಮಂಗಳವಾರ. ಬೆಳಿಗ್ಗೆ 6.30

ಇನ್ನು ಹದಿಮೂರು ದಿನ. ಬೇರೆ ನರ್ಸ್ ಹುಡುಕಲು ಕಮಿಟಿ ಮೂರು ಕಡೆ ಕೇಳಿತು. ಒಬ್ಬರೂ ಇಲ್ಲ.

ಇವತ್ತು ಪ್ರಾರ್ಥನೆಯಲ್ಲಿ ನಾನೂ ಸರೋವರಕ್ಕೇ ಹೋದೆ. ಕಣ್ಣು ಮುಚ್ಚಿ ಆ ಜಾಗದಲ್ಲಿ ಹೋಗಿ ನಿಲ್ಲುವುದು, ಗಾಳಿ, ಮೀನಿನ ವಾಸನೆ, ಯಾರ್ಯಾರು ಎಲ್ಲೆಲ್ಲಿದ್ದಾರೆ ಎಂದು ನೋಡುವುದು. ನಾನು ದಡದಲ್ಲಿದ್ದೆ. ಕೈಯಲ್ಲಿ ಆರು ಹಾಸಿಗೆಯ ಮನೆ, ಇಡೀ ಕಟ್ಟಡ, ಅಪ್ಪಿ ಹಿಡಿದುಕೊಂಡಿದ್ದೆ. ಯೇಸು ಬಂದು ಪಕ್ಕದಲ್ಲಿ ಕೂತ. ಕೊಡು ಎನ್ನಲಿಲ್ಲ. ಭಾರ ಅಲ್ವಾ ಎಂದ.

ಕೆಳಗಿಟ್ಟೆ.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಇವರ ಮುಖವನ್ನಷ್ಟೇ ನೆನೆದೆ, ಚೀಲವಿಲ್ಲದೆ. ನಗುತ್ತಿದ್ದರು. ಹಲ್ಲು ಕಟ್ಟಿಸಿಕೊಂಡ ಮೊದಲ ದಿನದ ನಗೆ. ಮನೆ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ಇವರನ್ನು ನಾನು ಪ್ರೀತಿಸಿದ್ದಕ್ಕೆ ಕಟ್ಟಡದ ಸಾಕ್ಷಿ ಬೇಕಿಲ್ಲ. ಇದನ್ನು ಬರೆಯುವಾಗ ಎದೆ ಹಗುರವಾಗಿದೆ. ಇದರ ಬಾಲವನ್ನೂ ನೋಡೋಣ, ಸಂಜೆಗೆ.

ಸಂಜೆ 7

ಹಗುರವಾಗಿಯೇ ಇದೆ. ತಂಗಿಯ ಚಾ ಚೆನ್ನಾಗಿದೆ ಎಂದೆ. ಹುಷಾರಿದೀಯಾ ಎಂದು ಹಣೆ ಮುಟ್ಟಿ ನೋಡಿದಳು.


ಮಾರ್ಚ್ 27, ಗುರುವಾರ. ಸಂಜೆ 6.40

ಕಳೆದ ವಾರ ಅವಳು ಸರೋವರದ ಧ್ಯಾನದಲ್ಲಿ ಕಂಡದ್ದನ್ನು ಹೇಳಿದ್ದಳು, ನಾನು ಬರೆದಿರಲಿಲ್ಲ. ದೋಣಿಯಲ್ಲಿ ಯಾರೋ ಬಲೆ ಎಳೆಯುತ್ತಿದ್ದರಂತೆ. ಅವಳಿಗೆ ಬರೀ ಕೈಗಳು ಕಂಡವಂತೆ, ಒದ್ದೆ, ಜಾರುವ ಭಾರ ಹಿಡಿದ ಕೈಗಳು. ನೋಡುತ್ತಾ ನೋಡುತ್ತಾ ಅವು ಅವಳ ಕೈಗಳೇ ಆದವಂತೆ. ಆ ವಾರವೆಲ್ಲ ಮತ್ತೆ ಮತ್ತೆ ಅದೇ ದೋಣಿಗೆ ಹೋದಳಂತೆ. ನಾನು ಗೋಡೆ ನೋಡುತ್ತಾ ಒಂದೇ ಪ್ರಶ್ನೆ ಕೇಳಿದ್ದೆ — ಅಲ್ಲಿ ಇದ್ದಾಗ ಹೇಗನ್ನಿಸಿತು?

ಇವತ್ತು ಬಂದವಳೇ ನನ್ನ ಕುರ್ಚಿಯನ್ನು ಅವಳೇ ಹಿಡಿದು ತನ್ನ ಕಡೆ ತಿರುಗಿಸಿದಳು.

"ನಾನು ಹೆರಿಗೆ ವಾರ್ಡಲ್ಲೇ ಇರ್ತೀನಿ ಆಂಟಿ. ನನ್ನನ್ನ ಕರೆದಿರೋದು ಅಲ್ಲಿಗೇ. ಒಂದು ವಾರದಿಂದ ತಿರುಗಿಸಿ ಮುರುಗಿಸಿ ನೋಡ್ದೆ. ನಿದ್ದೆ ಬರ್ತಿದೆ. ಪ್ರಾರ್ಥನೆ ಬರ್ತಿದೆ. ನಿಮ್ಮ ಮೇಲೆ ಸಿಟ್ಟು ಕೂಡ ಹೋಗಿದೆ, ಅದೇ ದೊಡ್ಡ ಗುರುತು."

ಹೇಳಿ ನನ್ನ ಮುಖವನ್ನೇ ನೋಡುತ್ತಾ ಕೂತಳು. ಹೆದರಿಕೆಯಿತ್ತು ಅವಳಿಗೆ, ಈ ಮುಖ ಬಾಡುತ್ತದೆಂದು.

ನನಗೂ ಹೆದರಿಕೆಯಿತ್ತು. ಒಳಗೆ ಇಣುಕಿ ನೋಡಿದೆ. ದುಃಖ ಇರಲೇಬೇಕು, ನಾಲ್ಕು ದಿನದಲ್ಲಿ ಮನೆ ಹೋಗುತ್ತದೆ. ಇತ್ತು, ಸ್ವಲ್ಪ, ಮೂಲೆಯಲ್ಲಿ. ಆದರೆ ಅದನ್ನು ತಳ್ಳಿಕೊಂಡು ಬಂದ ಸಂತೋಷ ಎಂಥದು! ಅವಳ ಕಣ್ಣು ಮಿನುಗುತ್ತಿತ್ತು, ಏಳು ವಾರದ ಹಿಂದೆ ಆ ಅಡ್ಡ ತಿರುಗಿದ ಮಗುವಿನ ಕಥೆ ಹೇಳುವಾಗ ಇದ್ದಂತೆಯೇ. ಎದ್ದು ನಿಂತು ಚಪ್ಪಾಳೆ ಹೊಡೆದೆ. ಒಬ್ಬಳೇ, ಆ ಸಣ್ಣ ಕೋಣೆಯಲ್ಲಿ, ಹುಚ್ಚಿಯಂತೆ. ಅವಳು ಅತ್ತಳು, ನಾನೂ ಅತ್ತೆ. ಆಫೀಸಿನ ಗುಮಾಸ್ತ ಬಾಗಿಲು ತಟ್ಟಿ ಯಾರಿಗೇನಾಯ್ತು ಎಂದು ಕೇಳಿದ.

ಗೆದ್ದೆ. ಸತ್ಯವಾಗಿ ಹೇಳುತ್ತೇನೆ, ಇದು ಗೆಲುವು. ಯಾವ ಗೇಟಿನಿಂದ ಯಾವ ಕಡೆ ಹೋಗಬೇಕೆಂದು ಅವಳೇ ಕೇಳಿಸಿಕೊಂಡಳು, ನಾನು ಸೀಟಿ ಊದಲಿಲ್ಲ.

ಡಾಕ್ಟರಿಗೆ ಫೋನ್ ಮಾಡಿ, ಸೋಮವಾರದ ಇನ್‌ಸ್ಪೆಕ್ಷನ್‌ಗೆ ನಮ್ಮಲ್ಲಿ ಹೆಸರಿಲ್ಲ ಎಂದೆ. ನಿಮ್ಮ ದನಿಯಲ್ಲಿ ಇಷ್ಟೊಂದು ಖುಷಿ ಯಾಕೆ ಎಂದು ಕೇಳಿದರು.


ಮಾರ್ಚ್ 28, ಶುಕ್ರವಾರ. ಬೆಳಿಗ್ಗೆ 9.30

ಬರೆಯಲೇಬೇಕು, ಮಧ್ಯಾಹ್ನದವರೆಗೆ ತಡೆಯಲಾರೆ.

ಏಳೂವರೆಗೆ ಬಾಗಿಲು ಬಡಿತ. ತಂಗಿ ತೆಗೆದಳು. ಯಾರೋ ಮಿಲಿಟರಿಯವರು ಬಂದಿದ್ದಾರೆ ಎಂದಳು. ಮೇಜರ್! ಯೂನಿಫಾರ್ಮ್ ಇಲ್ಲದೆ ಗುರುತೇ ಸಿಗಲಿಲ್ಲ. ಕೈಯಲ್ಲಿ ಫೈಲು.

ಕೂರಲಿಲ್ಲ. ಅವರು ರಿಟೈರಾದದ್ದು ಫೆಬ್ರವರಿ 28ಕ್ಕೆ. ನಾನು ಬೆಂಚಿನ ಮೇಲೆ ಕೂತ ಎರಡು ದಿನದ ಮೇಲೆ! ಆ ದಿನ ವಾರ್ಡಿನೊಳಗೆ ಅಳುತ್ತಾ ಬಂದ ನರ್ಸಮ್ಮ ಅವರ ಬಳಿ ಎಲ್ಲ ಹೇಳಿಕೊಂಡಿದ್ದಳಂತೆ — ಮನೆ, ಆರು ಹಾಸಿಗೆ, ನನ್ನ ಕಿತಾಪತಿ. ಮೊದಲು ನನ್ನ ಮೇಲೆ ಸಿಟ್ಟು ಬಂತಂತೆ. ಆಮೇಲೆ ಮನೆಯ ಯೋಚನೆಯೇ ಬಿಡಲಿಲ್ಲವಂತೆ. ತಮ್ಮ ತಾಯಿಯನ್ನು ನಾಲ್ಕು ವರ್ಷ ಹಾಸಿಗೆಯಲ್ಲೇ ನೋಡಿಕೊಂಡವರು ಅವರು, ಡ್ಯೂಟಿಯ ಜೊತೆಗೆ. ಆದರೆ ಆ ಹುಡುಗಿ ತೀರ್ಮಾನಿಸುವವರೆಗೂ ಬಾಯಿ ಬಿಡಬಾರದು, ಅವಳ ಮೇಲೆ ಭಾರ ಬೀಳಬಾರದು ಎಂದು ಒಂದು ತಿಂಗಳು ಕಾದರಂತೆ. ನಿನ್ನೆ ಅವಳು ಫೋನ್ ಮಾಡಿ ತೀರ್ಮಾನ ಹೇಳಿದಳಂತೆ.

ತಕ್ಕಡಿಯ ಮುಳ್ಳು ಎಂದರೆ ಇವರು. ಯಾವ ತರಬೇತಿಯೂ ಇಲ್ಲದೆ.

"ನಲವತ್ತು ವರ್ಷ ನರ್ಸಾಗಿದ್ದೆ. ಅದೇ ಬೆಂಚಿನ ಹತ್ರ ಎರಡು ಸಲ ಬಂದು ನಿಂತೆ. ನನ್ನನ್ನ ಯಾಕೆ ಯಾರೂ ಕೇಳ್ಲಿಲ್ಲ?"

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದೆ. ಒಂದೇ ಬಸ್ಸಿಗೆ ಕಣ್ಣು ನೆಟ್ಟು ನಿಂತವಳಿಗೆ ಹಿಂದೆಯೇ ಬಂದು ನಿಂತ ಬಸ್ಸು ಕಾಣಲಿಲ್ಲ. ಕಂಟ್ರೋಲರ್ ಅಂತೆ!

ಬಾಚಿ ತಬ್ಬಿಕೊಳ್ಳುವಷ್ಟು ಆಸೆ. ತಡೆದುಕೊಂಡೆ. ಸೋಮವಾರ ಕೊನೆ ದಿನವೆಂದು ಅವಸರಪಡಬೇಡಿ, ಇನ್ನೂ ಯೋಚಿಸಬೇಕೆಂದರೆ ಇನ್‌ಸ್ಪೆಕ್ಷನ್ ಹೋದರೆ ಹೋಗಲಿ ಎಂದೆ. ಹೇಳಿದ ಮೇಲೆ ಗೊತ್ತಾಯಿತು, ಆ ಮಾತು ನಿಜವಾಗಿಯೂ ಮನಸ್ಸಿನಿಂದಲೇ ಬಂದಿತ್ತು.

ಅವರು ಸರ್ಟಿಫಿಕೇಟುಗಳ ಫೈಲು ಮೇಜಿನ ಮೇಲಿಟ್ಟರು. ಒಂದು ತಿಂಗಳು ದಿನಾ ಬೆಳಿಗ್ಗೆ ಎದ್ದ ಕೂಡಲೇ ಇದೇ ಯೋಚನೆ, ದಿನಾ ಖುಷಿಯಿಂದಲೇ ಎದ್ದಿದೀನಿ, ಇನ್ನೆಷ್ಟು ಯೋಚಿಸ್ಲಿ ಎಂದರು. ಆಮೇಲೆ ಕೂತರು. ತಂಗಿ ಚಾ ಕೊಟ್ಟಳು. ಸಕ್ಕರೆ ಜಾಸ್ತಿ ಎಂದರು ಮೇಜರ್. ತಂಗಿ ನನ್ನ ಕಡೆ ನೋಡಿದಳು. ಮನೆಗೆ ಇನ್ನೊಬ್ಬಳು ಬಂದಳಲ್ಲಪ್ಪಾ ಎನ್ನುವ ನೋಟ.


ಮಾರ್ಚ್ 31, ಸೋಮವಾರ. ಮಧ್ಯಾಹ್ನ 2.15

ಪಾಸ್. ಪಾಸ್. ಪಾಸ್.

ಇನ್‌ಸ್ಪೆಕ್ಟರ್ ಮನೆಯನ್ನು ನೋಡಿದರೋ, ಮೇಜರ್ ಇನ್‌ಸ್ಪೆಕ್ಟರನ್ನು ನೋಡಿದರೋ ಹೇಳುವುದು ಕಷ್ಟ. ಒಳಗೆ ಬರುವ ಮುನ್ನ ಕೈ ತೊಳೆಸಿದರು. ಔಷಧಿ ಬೀರುವಿನ ಎರಡನೇ ಬೀಗ ಎಲ್ಲಿ ಎಂದು ಅವರು ಕೇಳುವ ಮೊದಲೇ ಮೇಜರ್ ತೋರಿಸಿದರು. ಡಾಕ್ಟರ್ ಹಿಂದಿನಿಂದ ನನ್ನ ಕಿವಿಯಲ್ಲಿ, ಈ ಹೆಂಗಸು ನನ್ನ ಆಪರೇಷನ್ ಥಿಯೇಟರಿನಲ್ಲಿ ಇದ್ದಿದ್ದರೆ ನಾನು ಇನ್ನೂ ಒಳ್ಳೆ ಸರ್ಜನ್ ಆಗ್ತಿದ್ದೆ ಎಂದರು. ಮತ್ತೆ, ಆವತ್ತು ಮೀಟಿಂಗಿನಲ್ಲಿ ನಾನು ಆಡಿದ ಮಾತು ಮರೆತುಬಿಡಿ ಎಂದರು. ಮರೆಯುವುದಿಲ್ಲ, ಆದರೆ ಕ್ಷಮಿಸಿದ್ದೇನೆ ಎಂದೆ. ನಕ್ಕರು, ಹಲ್ಲು ಕಾಣುವಂತೆ.

ದೊಡ್ಡ ಫಾದರಿಗೆ ಫೋನಿನಲ್ಲಿ ಕೂಗಿ ಹೇಳಿದೆ. ಕೇಳಿಸಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಬೀದಿಗೆಲ್ಲ ಕೇಳಿಸಿತು, ಅವರಿಗೂ ಕೇಳಿಸಿತು. ಮೊದಲು ಕೇಳಿದ್ದು ಮನೆಯ ವಿಷಯವಲ್ಲ. ಆ ಹುಡುಗಿ ಹೇಗಿದ್ದಾಳೆ ಎಂದರು.


ಏಪ್ರಿಲ್ 24, ಗುರುವಾರ. ಸಂಜೆ 5.40

ಆರು ಹಾಸಿಗೆಯ ಮನೆಯ ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಹನ್ನೊಂದಕ್ಕೆ ಮೊದಲ ರೋಗಿ ಬಂದರು. ಎಪ್ಪತ್ತೊಂಬತ್ತರ ಅಜ್ಜಿ, ಜೀವನವೆಲ್ಲ ಲಾಡ್ಜ್ ಒಂದರ ಬಟ್ಟೆ ಒಗೆದವರು. ಮಕ್ಕಳಿಲ್ಲ, ಬಂಧುಗಳಿಲ್ಲ. ಡಾಕ್ಟರ್ ಹೇಳುವಂತೆ ವಾರವೋ, ಹತ್ತು ದಿನವೋ. ಹೊದಿಕೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಒಳ್ಳೆ ಬಟ್ಟೆ, ಹೊಲಿಗೆನೂ ಗಟ್ಟಿ ಎಂದರು. ತಂಗಿ ಒಳಗೆ ಹೋಗಿ ಮೂಗು ಒರೆಸಿಕೊಂಡು ಬಂದಳು.

ಮಧ್ಯಾಹ್ನವೆಲ್ಲ ಪಕ್ಕ ಕೂತೆ. ಕೈ ಹಿಡಿದುಕೊಂಡಿದ್ದೆ. ಮೂರು ಗಂಟೆ ಹೊಡೆದಾಗ ಆ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದೆ. ಏನೂ ಆಗಲಿಲ್ಲ. ಕಿಟಕಿಯ ಬಿಸಿಲು ಹಾಸಿಗೆಯಿಂದ ನೆಲಕ್ಕೆ ಇಳಿಯಿತು.

ಐದಕ್ಕೆ ನರ್ಸಮ್ಮ ಬಂದಳು, ನಮ್ಮ ಗುರುವಾರಕ್ಕೆ. ಡ್ಯೂಟಿಯಿಂದ ನೇರ, ಕೂದಲು ಕೆದರಿತ್ತು, ಮುಖ ಮಾತ್ರ ಹಬ್ಬ. ಇಪ್ಪತ್ತಾರು ಗಂಟೆಯ ಹೆರಿಗೆಯಂತೆ, ತಾಯಿ ಉಳಿಯುವುದೇ ಕಷ್ಟ ಎಂದಿದ್ದರಂತೆ. ಇಬ್ಬರೂ ಉಳಿದರು. ಬಾಗಿಲಲ್ಲೇ ಪಿಸುಗುಟ್ಟಿ ನನಗೆ ಹೇಳುತ್ತಿದ್ದಳು. ಒಳಗಿಂದ ಅಜ್ಜಿಯ ದನಿ.

"ಯಾರಿಗೆ ಮಗು ಆಯ್ತಮ್ಮ? ಇಲ್ಲಿ ಬಂದು ಹೇಳು."

ಅವಳು ಹೋಗಿ ಹಾಸಿಗೆಯ ಅಂಚಿನಲ್ಲಿ ಕೂತಳು. ಮೊದಲಿಂದ ಹೇಳಿದಳು, ಕೈಯೆಲ್ಲ ಆಡಿಸಿ. ಅಜ್ಜಿ ಅಲ್ಲಲ್ಲಿ ಉಸಿರು ಬಿಗಿಹಿಡಿದು ಕೇಳಿದರು, ತಾವೇ ಹೆರುತ್ತಿರುವಂತೆ. ಮಗು ಅತ್ತಿತು ಎಂದಾಗ ನಕ್ಕರು. ಬಾಯಿ ತುಂಬ, ಹಲ್ಲಿಲ್ಲದ ನಗೆ. ಔಷಧಿ ತಟ್ಟೆ ಹಿಡಿದು ಬಂದ ಮೇಜರ್ ಹೊಸ್ತಿಲಲ್ಲೇ ನಿಂತರು. ನಾನು ಇವರೆಲ್ಲರನ್ನೂ ನೋಡಿದೆ. ಇದರಲ್ಲಿ ಒಂದನ್ನೂ ನಾನು ಪ್ಲಾನ್ ಮಾಡಿರಲಿಲ್ಲ.

ಕೃತಜ್ಞತೆ — ಜಾಗ ಸಾಲದು.

ನರ್ಸಮ್ಮ ಕೈ ತೊಳೆಯಲು ಹೋಗಿದ್ದಾಳೆ. ಅಜ್ಜಿ ಮತ್ತೆ ಕರೆಯುತ್ತಿದ್ದಾರೆ, ಮಗು ಎಷ್ಟು ತೂಕ ಇತ್ತು, ಆ ಹುಡುಗಿ ಹೇಳಲೇ ಇಲ್ಲ ಎಂದು. ನನಗೆ ಗೊತ್ತು, ಬಾಗಿಲಲ್ಲಿ ಹೇಳಿದ್ದಳು. ಮೂರು ಕಿಲೋ ಇನ್ನೂರು. ಹೋಗಿ ಹೇಳಿ ಬರು—